ಪತ್ರಾ ಕಾಪಾ

ಬಜಾಜ್ ನಗರ, ನಾಗಪುರ
೧೨ ಫೆಬ್ರುವರಿ ೨೦೨೫, ಬುಧವಾರ

ನನ್ನ ಮುದ್ದಿನ ಸಿಟ್ಟಿನ ಗಂಟು ಶ್ರೀವತ್ಸನಿಗೆ,

ಅವ್ವನ ಆಶೀರ್ವಾದ. ಹೇಗಿದ್ದೀ? ಪುಣೆಯ ಚಳಿಗೆ ನಿನಗೆ ಬರುವ ಒಣಕೆಮ್ಮು ಈ ಸಲವೂ ಬಂತೇ? ರಾತ್ರಿ ಬರೀ ಅವಲಕ್ಕಿ ತಿಂದು ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ? ನಾನು ಕೇಳಬೇಕು, ನೀನು ಹೇಳಬೇಕು, ಆದರೆ ನಿನ್ನ ಫೋನಿನಲ್ಲಿ ಅಪ್ಪನ ನಂಬರಿಗೂ ನನ್ನ ನಂಬರಿಗೂ ಒಟ್ಟಿಗೇ ಬಾಗಿಲು ಹಾಕಿ ಕೂತಿದ್ದೀ. ಅವರು ಹೊಡೆದದ್ದಕ್ಕೆ ನನಗೂ ಶಿಕ್ಷೆ. ಇರಲಿ. ಮೇಲಿನ ಮನೆಯ ಬ್ಯಾಂಕಿನ ಕೃಷ್ಣಪ್ರಸಾದ್ ಇವತ್ತು ಸಂಜೆಯ ವಿಮಾನಕ್ಕೆ ಪುಣೆಗೆ ಹೊರಟಿದ್ದಾರೆ. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ನಾನು ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ಮೊದಲು ಇದನ್ನು ಓದು, ಆಮೇಲೆ ಗಾಬರಿಯಾಗು: ನಾವಿಬ್ಬರೂ ಬದುಕಿದ್ದೇವೆ. ಹೋದ ಗುರುವಾರ ಅಮರಾವತಿ ರಸ್ತೆಯಲ್ಲಿ ನಮ್ಮ ಕಾರಿಗೆ ಇಟ್ಟಿಗೆ ತುಂಬಿದ ಟಿಪ್ಪರ್ ಎದುರಿನಿಂದ ಬಂದು ಬಡಿಯಿತು. ಒಂದು ಮುಂಜಿಯ ಊಟ ಮುಗಿಸಿ ಮನೆಗೆ ಬರುತ್ತಿದ್ದೆವು. ಕಾರು ನಾನು ಓಡಿಸುತ್ತಿದ್ದೆ. ಅಪ್ಪ ಎಂದಿನಂತೆ ಎಡಗಡೆ ಕೂತು, ಹೋಳಿಗೆಗೆ ತುಪ್ಪ ಕಡಿಮೆ ಹಾಕಿದರು ಎಂದು ಬೈಯುತ್ತಿದ್ದರು. ಅಡ್ಡದಾರಿಯಿಂದ ಆ ರಾಕ್ಷಸ ಟಿಪ್ಪರ್ ತಪ್ಪು ಬದಿಯಲ್ಲಿ ನುಗ್ಗಿತು. ನಾನು ಸ್ಟಿಯರಿಂಗ್ ತಿರುಗಿಸಿದೆ. ಅದು ಕಾರಿನ ಮೂತಿಯ ಎಡಭಾಗವನ್ನು ಜಜ್ಜಿತು. ಕಾರು ಗಿರ್ರನೆ ತಿರುಗಿ ಅಪ್ಪನ ಬಾಗಿಲಿನ ಕಡೆಯಿಂದ ಬೇವಿನ ಮರಕ್ಕೆ ಅಪ್ಪಳಿಸಿತು. ಏರ್‌ಬ್ಯಾಗ್ ಮುಖಕ್ಕೆ ಹೊಡೆದ ಹೊಡೆತಕ್ಕೆ ನನ್ನ ಮೂಗಿನಿಂದ ರಕ್ತ ಸುರಿಯಿತು. ಒಳಗೆಲ್ಲ ಬಿಳಿ ಪುಡಿ, ಸುಟ್ಟ ವಾಸನೆ. ಮುಂದಿನ ಗಾಜು ಜೇಡರ ಬಲೆಯ ಹಾಗೆ ಸೀಳು ಸೀಳಾಗಿ ಒಳಕ್ಕೆ ಬಾಗಿತು, ಆದರೆ ಉದುರಲಿಲ್ಲ. ಪಕ್ಕದ ಗಾಜು ಮಾತ್ರ ಕಲ್ಲುಸಕ್ಕರೆಯ ಹರಳಿನಂತೆ ಅಪ್ಪನ ಮಡಿಲಲ್ಲಿ ಬಿದ್ದಿತ್ತು. ಅವರ ಕಣ್ಣು ಮುಚ್ಚಿತ್ತು ಶ್ರೀ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಈ ಕಾರನ್ನು ನಾನೇಕೆ ಕೊಂಡೆ ಎಂದು ನಿನಗೆ ಹೇಳಿಯೇ ಇಲ್ಲ. ಹಳೆಯ ದುಂಡು ಮೂತಿಯ ಕಾರು ಅಪ್ಪನ ಎರಡನೇ ಹೆಂಡತಿಯಾಗಿತ್ತಲ್ಲ. ಭಾನುವಾರ ಬಂತೆಂದರೆ ಅದರ ಉಕ್ಕಿನ ಬಂಪರನ್ನು ತಮ್ಮ ಮೀಸೆ ಕಾಣುವಷ್ಟು ಉಜ್ಜುತ್ತಿದ್ದರು. ಜೀವಮಾನವೆಲ್ಲ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣದ ಜೊತೆ ಬದುಕಿದವರಿಗೆ ಪ್ಲಾಸ್ಟಿಕ್ ಬಂಪರ್ ಕಂಡರೆ ಮೈ ಉರಿಯುತ್ತಿತ್ತು. ನೀನು ಆ ದೀಪಾವಳಿಗೆ ಬಂದಾಗ, ನಿನ್ನ ಕಂಪನಿಯಲ್ಲಿ ಹೊಸ ಕಾರಿನ ಮಾದರಿ ಮಾಡುವ ಗಂಧಕ ಬೆರೆತ ಜೇಡಿ ತಂದು, ನನ್ನ ಓವನ್ನಿನಲ್ಲಿ ಬಿಸಿಮಾಡಿ ಮೊಳದುದ್ದದ ಕಾರು ಮಾಡಿದೆ. ನನ್ನ ದೋಸೆ ಮೊಗಚುವ ಸಟ್ಟುಗದಿಂದಲೇ ಅದರ ಪಕ್ಕೆಯ ಮೇಲೆ ಒಂದು ಗೆರೆ ತೀಡಿದೆ. ಒಂದು ಹಾಳೆಯನ್ನು ನಿಲ್ಲಿಸಲು ನೋಡಿದೆ, ಅದು ಬಿತ್ತು. ಮಧ್ಯೆ ಮಡಿಸಿ ನಿಲ್ಲಿಸಿದೆ, ನಿಂತಿತು. ಸೀರೆಯ ನೆರಿಗೆಯ ಹಾಗೆ, ತೆಳು ತಗಡಿಗೆ ಈ ಗೆರೆಯೇ ಅಂದ, ಇದೇ ಶಕ್ತಿ ಎಂದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು! ನೀನು ಅಲ್ಲಿಗೇ ನಿಲ್ಲಿಸಬೇಕಿತ್ತು. "ಮುಂದಿನ ಭಾಗ ಮುರೀಲಿಕ್ಕಂತನ ಇರತದ ಅಪ್ಪಾ. ಅದು ಹೋಗಬೇಕು, ಒಳಗಿನ ಜೀವ ಉಳೀಬೇಕು" ಎಂದೆ. ಅವರು "ಮುರಿಯೋ ಕಾರ ಮಾಡೋದು ಕೆಲಸಾ ಏನು? ಡಬ್ಬಾ! ಮಣ್ಣಾಟ!" ಎಂದು ಸುತ್ತಿಗೆ ತಂದು ನಿನ್ನ ಜೇಡಿಯ ಕಾರನ್ನು ನೆಲದ ಮೇಲೆ ಚಟ್ನಿ ಮಾಡಿದರು. ನೀನು ಅವರ ಮಣಿಕಟ್ಟು ತಿರುಚಿದೆ, ಅವರು ನಿನ್ನ ತುಟಿ ಒಡೆದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನೀನು ಹೋದೆ. ನೆಲದ ಟೈಲ್ಸಿನ ಸೀಳು ಇನ್ನೂ ಹಾಗೇ ಇದೆ, ಓವನ್ನಿನಲ್ಲಿ ಆ ಗಂಧಕದ ವಾಸನೆಯೂ.

ಆ ಗೆರೆ ನಿಜವಾದ ಕಾರಿನ ಬಾಗಿಲ ಮೇಲೆ ಬಂದಿದೆ ಎಂದು ನಿನ್ನ ಗೆಳತಿ ಪೂರ್ವಿ ನನಗೆ ಫೋಟೋ ಕಳಿಸಿದ್ದಳು. ಮರುವಾರವೇ ಅಪ್ಪನ ಎರಡನೇ ಹೆಂಡತಿಯನ್ನು ಗುಜರಿಗೆ ಕಳಿಸಿ ಇದನ್ನು ತಂದೆ. ಮನೆಯಲ್ಲಿ ಕುರುಕ್ಷೇತ್ರವಾಯಿತು. ಯಾರು ಎಳೆದ ಗೆರೆ ಎಂದು ನಾನು ಬಾಯಿ ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಈ ಡಬ್ಬಾ ಓಡಿಸುವುದಿಲ್ಲ ಎಂದು ಶಪಥ ಮಾಡಿದರು. ಆದರೂ ದಿನಾ ನಿನ್ನ ಬಾಗಿಲನ್ನೇ ತೆಗೆದು, ನಿನ್ನ ಬಾಗಿಲನ್ನೇ ಧಡಾರನೆ ಹಾಕಿ ಕೂಡುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ಇನ್ನು ನಿನ್ನ ಅವ್ವನ ಪರಾಕ್ರಮ ಕೇಳು. ಅಪ್ಪನ ಎಡಗಾಲು ಒಳಗೆ ಸಿಕ್ಕಿಕೊಂಡಿತ್ತು. ಸುತ್ತ ಜನ ಮುತ್ತಿ ಕಾರನ್ನು ಗುದ್ದುತ್ತಿದ್ದರು. ಎದುರಿನ ಡೆಂಟಿಂಗ್ ಅಂಗಡಿಯಿಂದ ಅಮೇಯ ಎಂಬ ಮೆಕ್ಯಾನಿಕ್ ಕೈಯಲ್ಲಿ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿದು ಓಡಿಬಂದ. "ಪತ್ರಾ ಕಾಪಾ! ಲೌಕರ್! ಪತ್ರಾ ಕಾಪಾ!" ಎಂದು ಎಲ್ಲರೂ ಅರಚಿದರು. ತರಕಾರಿ ಮಾರುಕಟ್ಟೆಯಲ್ಲಿ ಕಲಿತ ನನ್ನ ಅಷ್ಟೂ ಮರಾಠಿ ಆ ಹೊತ್ತಿಗೆ ಹಾರಿಹೋಗಿತ್ತು. ಕಿವಿಗೆ ಬಿದ್ದದ್ದು ಧಾರವಾಡದ ಕನ್ನಡ: ಪತ್ರ ಕಾಪಾಡು! ಕಳ್ಳರು ಬಂದಿದ್ದಾರೆ, ಯಾರೋ ಪುಣ್ಯಾತ್ಮರು ಎಚ್ಚರಿಸುತ್ತಿದ್ದಾರೆ ಎಂದುಕೊಂಡೆ. ಕಾರಿನ ಕಾಗದಗಳ ಚೀಲವನ್ನು ಎದೆಗೆ ಅವುಚಿಕೊಂಡೆ. ಒಡೆದ ಕಿಟಕಿಯಿಂದ ಅಮೇಯನ ಕೈ ಒಳಗೆ ಬಂತು. ಕಚ್ಚಿದೆ. ಸುಮ್ಮನೆ ಅಲ್ಲ, ಬಾಯಿಗೆ ಉಪ್ಪು ರಕ್ತ ಬರುವ ತನಕ ಕಚ್ಚಿ ಹಿಡಿದೆ. ಅವನು "ಆಜಿ, ಸೋಡಾ ನಾ!", ಅಜ್ಜೀ ಬಿಡಿ, ಎಂದು ಬೊಬ್ಬೆ ಹಾಕುತ್ತಿದ್ದ. ಆಗ ಅಪ್ಪ ಕಣ್ಣು ತೆರೆದು, ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು, "ದಮಯಂತಿ, ಹುಚ್ಚೀ, ಪತ್ರಾ ಅಂದ್ರ ತಗಡು! ಕಾಪಾ ಅಂದ್ರ ಕೊಯ್ಯಿ! ಬಿಡು ಅವನ್ನ!" ಎಂದರು. ಅಷ್ಟು ಹೇಳಿ ಕುತ್ತಿಗೆ ವಾಲಿಸಿದರು.

ಆಮೇಲೆ ಕೊಯ್ದರು. ಬಾಗಿಲಿನ ಹೊರ ತಗಡು ಹಪ್ಪಳದ ಹಾಗೆ ಸೀಳಿತು. ಕಿಡಿಗಳು ಅಪ್ಪನ ಮುಖಕ್ಕೆ ಸಿಡಿಯದಂತೆ ನನ್ನ ರೇಷ್ಮೆ ಸೆರಗು ಹೊದಿಸಿದೆ, ಅದು ತೂತು ತೂತಾಯಿತು. ಬಾಗಿಲಿನ ಪಕ್ಕ ಮಾಡನ್ನು ಹೊತ್ತ ಉಕ್ಕಿನ ಕಂಬಕ್ಕೆ ಬಂದಾಗ ಅಮೇಯನ ಬ್ಲೇಡು ಚೂರಾಗಿ ಹಾರಿತು. ಇನ್ನೊಂದು ಹಾಕಿದ, ಅದೂ ಹೋಯಿತು. "ಕಾಯ ಲೋಖಂಡ ಆಹೇ ಬೇ ಹೇ!" ಎಂದು ಬೆವರು ಒರೆಸಿಕೊಂಡ. ಇದೆಂಥ ಕಬ್ಬಿಣವೋ ಮಾರಾಯಾ ಎಂದರ್ಥ. ಕಡೆಗೆ ಕಂಬ ಬಿಟ್ಟು ಕೀಲು ಕೊಯ್ದು ಬಾಗಿಲನ್ನೇ ಕಿತ್ತರು. ಆ ಕಂಬಗಳ ಗೂಡಿನೊಳಗೆ, ಮೊಟ್ಟೆಯಲ್ಲಿ ಮರಿ ಇದ್ದ ಹಾಗೆ, ಅಪ್ಪನ ತಲೆಯೂ ಎದೆಯೂ ಪಕ್ಕೆಲುಬೂ ಒಂದು ಗೀರಿಲ್ಲದೆ ಇದ್ದವು. ಮೊಣಕಾಲಿನ ಕೆಳಗೆ ಮಾತ್ರ ನೋಡಬಾರದಾಗಿತ್ತು, ನೋಡಿದೆ.

ಅತ್ತ ಜನ ಟಿಪ್ಪರಿನ ಚಾಲಕನನ್ನು ಎಳೆದು ಹಾಕಿ ತುಳಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅಪ್ಪನನ್ನು ಆಂಬುಲೆನ್ಸಿಗೆ ಏರಿಸುವಷ್ಟರಲ್ಲಿ ನಾನೂ ಹೋಗಿ ಚಪ್ಪಲಿ ಬಿಚ್ಚಿ ಅವನ ಮುಖಕ್ಕೆ ಬಾರಿಸಿದೆ. ಹಾಯೆನಿಸಿತು. ಎರಡನೆಯದಕ್ಕೆ ಕೈ ಎತ್ತಿದಾಗ ಅವನ ತುಟಿ ಕಂಡಿತು. ಅಂದು ನಿನ್ನದು ಸೀಳಿದ ಜಾಗದಲ್ಲೇ ಸೀಳಿತ್ತು. ಎತ್ತಿದ ಕೈ ಹೊಡೆಯಲಿಲ್ಲ. ಅವನ ಮೇಲೆ ಅಡ್ಡ ಬಿದ್ದು, ಇನ್ನು ಹೊಡೆದರೆ ನನಗೆ ಹೊಡೆಯಿರಿ ಎಂದು ಕನ್ನಡದಲ್ಲೇ ಕೂಗಿದೆ. ಬೆನ್ನಿಗೆ ಬಿದ್ದ ಒದೆತ ಇನ್ನೂ ನೋಯುತ್ತದೆ. ಅವನನ್ನು ಪೊಲೀಸರು ಒಯ್ದರು.

ಅಮೇಯ ನಿನ್ನೆ ಕೈಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದಿದ್ದ. ನಾನು ಕಾಲಿಗೆ ಬೀಳಲು ಹೋದರೆ ನಕ್ಕುಬಿಟ್ಟ. ಬಾಗಿಲಿನಿಂದ ಕೊಯ್ದ ಒಂದು ತುಂಡು ತಗಡನ್ನು, ಅಂಚು ಉಜ್ಜಿ, ನೆನಪಿಗಿರಲಿ ಎಂದು ತಂದಿದ್ದ. ಅಪ್ಪ ಅದರ ಮೇಲೆ ಬೆರಳಾಡಿಸಿದರು. "ಈ ಗೆರಿ ನೋಡು. ಇಷ್ಟು ತೆಳು ತಗಡಿಗೆ ಬೆನ್ನೆಲಬು ಕೊಟ್ಟಾನ. ಯಾರೋ ಕೆಲಸಾ ಬಲ್ಲಾಂವ" ಎಂದರು. ಅದು ನಿನ್ನ ಗೆರೆ ಎಂದು ನಾನು ಹೇಳಲಿಲ್ಲ. ಈಗ ಅವರ ತಲೆದಿಂಬಿನ ಕೆಳಗೆ ಆ ಪತ್ರಾ, ನಿನ್ನ ಕೈಯಲ್ಲಿ ಈ ಪತ್ರ.

ಕೆಮ್ಮಿಗೆ ಜ್ಯೇಷ್ಠಮಧುವಿನ ಪುಡಿ ಕಳಿಸಿದ್ದೇನೆ, ಜೇನಿನಲ್ಲಿ ಕಲಸಿ ತಿನ್ನು. ಪೂರ್ವಿಗೆ ನನ್ನ ನೆನಪು ಹೇಳು. ನಿನ್ನ ಕೈಗೆ ದೇವರು ಆಯುಷ್ಯ ಕೊಡಲಿ, ಅದು ಇನ್ನೂ ಎಷ್ಟೋ ಜನರ ಅಪ್ಪಂದಿರನ್ನು ಉಳಿಸಲಿ.

ನಿನ್ನ,
ಅವ್ವ

ತಾ.ಕ.: ಕೃಷ್ಣಪ್ರಸಾದ್ ಬಾಗಿಲಲ್ಲಿ ನಿಂತಿದ್ದಾರೆ. ಅಪ್ಪನಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಕಾಲು ಕಪ್ಪಾಗಿದೆ, ನಂಜು ಮೇಲೇರುತ್ತಿದೆ. ಶುಕ್ರವಾರದೊಳಗೆ ಮೊಣಕಾಲಿನ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಇವರು ಒಪ್ಪುತ್ತಿಲ್ಲ. "ಇಡೀ ಬಂದೇನಿ, ಇಡೀ ಹೋಗತೇನಿ, ಶ್ರೀಗ ಹೇಳಬ್ಯಾಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ನನ್ನ ಮಾತು, ಡಾಕ್ಟರ ಮಾತು ಕಿವಿಗೆ ಹೋಗುವುದಿಲ್ಲ. ಆ ಗೆರೆ ಎಳೆದವನ ಮಾತು ಹೋದೀತು. ನಾಳೆಯೇ ಬಾ. ಅಂದು ಹೇಳಿದ್ದನ್ನೇ ಮತ್ತೆ ಹೇಳು: ಮುಂದಿನ ಭಾಗ ಹೋಗಲಿ ಅಪ್ಪಾ, ಒಳಗಿನ ಜೀವ ಉಳೀಬೇಕು. ಹೊಡೆದರೆ ಹೊಡೆಸಿಕೋ. ನಿನ್ನೆ ರಾತ್ರಿಯಿಂದ ಅವರಿಗೆ ನೀರಿನ ಲೋಟ ಎತ್ತಲೂ ಆಗುತ್ತಿಲ್ಲ. ನಿನ್ನ ಮೇಲೆ ಆ ಕೈ ಎದ್ದರೆ ನನಗೆ ಅದೇ ಹಬ್ಬ.