ಅತ್ತೆ ತುಂಬಿದ ಉಡಿ, ತಾವು ತಡೆದ ನೀರು

ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರೇ,

ಹೈದರಾಬಾದಿನ ಕೈಗಾರಿಕಾ ಪ್ರದೇಶವಾದ ಜೀಡಿಮೆಟ್ಲಾದ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಸ್ವೀಡನ್ನಿನ ಪ್ರಯೋಗಾಲಯಕ್ಕೆ ಕಳಿಸದಂತೆ ತಾವು ತಡೆದಿದ್ದೀರಿ. ಕಾರಣ: ಅಲ್ಲಿನ ಮುಖ್ಯಸ್ಥೆ ನನ್ನ ನಾದಿನಿ! ಆದೇಶ ಓದಿ ನಗು ತಡೆಯಲಾಗಲಿಲ್ಲ, ಮನ್ನಿಸಬೇಕು.

ತಪ್ಪು ನಮ್ಮ ಮನೆಯದೇ. ಕೆಲಸದ ಮೇಲೆ ಹೈದರಾಬಾದಿಗೆ ಬಂದಿದ್ದ ಆ ಮುಖ್ಯಸ್ಥೆ, ಇಂಗ್ರಿಡ್, ಕುಷಾಯಿಗೂಡದ ನಮ್ಮ ಮನೆಗೆ ಊಟಕ್ಕೆ ಬಂದರು. ಎಣ್ಣೆಗಾಯಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಮತ್ತೆ ಬಡಿಸಿಕೊಂಡರು. ಹೆಣ್ಣುಮಕ್ಕಳಿಲ್ಲದ ನನ್ನ ಅತ್ತೆ ಸುಂದರಾಬಾಯಿ ಅಲ್ಲಿಗೆ ಕರಗಿಹೋದರು. ಹೊರಡುವಾಗ ಅಕ್ಕಿ, ಕೊಬ್ಬರಿ, ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬಿದರು. ಪ್ಯಾಂಟು ತೊಟ್ಟವರಿಗೆ ಉಡಿ ಎಲ್ಲಿಯದು? ಅತ್ತೆ ತಾವು ಹೊದ್ದ ಶಾಲನ್ನೇ ಕೊಟ್ಟು ಒಡ್ಡಿಸಿದರು. "ಉಡಿ ತುಂಬಿಸ್ಕೊಂಡಾಕಿ ಇನ್ನ ನಮ್ಮ ಮನಿ ಮಗಳು," ಎಂದರು.

ಆಮೇಲೆ, ನೀರು ಕಳಿಸಲು ಅನುಮತಿ ಕೇಳಿದಾಗ, ತಮ್ಮ ಘೋಷಣಾ ಪತ್ರ ಬಂತು. ವಿದೇಶಿ ವ್ಯಕ್ತಿಯೊಡನೆ ಸಂಬಂಧವೇನು? ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆ, "ನಾದಿನಿ ಅಂತ ಬರಿ. ಸರ್ಕಾರಕ್ಕ ಸುಳ್ಳ ಹೇಳಬ್ಯಾಡ," ಎಂದರು. ನಾನು ನಗುತ್ತ ಬರೆದೆ. ತಮ್ಮ ಕಚೇರಿಯಲ್ಲಿ ಯಾರೂ ನಗಲಿಲ್ಲ.

ವಿದೇಶಿ ನಂಟನ್ನು ತಾವು ಕೇಳಲೇಬೇಕು, ತಕರಾರಿಲ್ಲ. ಆದರೆ ಮಾನ್ಯರೇ, ಸ್ವದೇಶಿ ನಂಟಿಗೆ ಕಾಲಂ ಇಲ್ಲವೇ? ನಮ್ಮ ಕಡತ ತಡೆದ ಸಮಿತಿಯ ಅಧ್ಯಕ್ಷರು ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಸಲಹೆಗಾರರು. ನಾವು ನೀರು ತೆಗೆದದ್ದು ಅದರ ಕಾಂಪೌಂಡಿನ ಹಿಂದೆಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಅಷ್ಟನ್ನೂ ಮಾಡಲಿಲ್ಲ.

ಆ ಕಾಂಪೌಂಡಿನ ಹಿಂದೆ ವಾಸಿಸುವ ಶೀತಲ ತಮ್ಮ ಮನೆಯ ನೀರನ್ನೂ ಕೊಟ್ಟಿದ್ದಾರೆ. ಬಾಟಲಿಗಳು ನಮ್ಮ ಫ್ರಿಜ್ಜಿನಲ್ಲಿ ಕೂತಿವೆ. ಕಂಡಾಗಲೆಲ್ಲ ಕೇಳುತ್ತಾರೆ, "ಮೇಡಂ, ರಿಪೋರ್ಟ್ ಬಂತೇನ್ರಿ? ಹುಡುಗರು ಅದ ನೀರು ಕುಡ್ಯಾಕತ್ತಾರ್ರಿ." ನಾದಿನಿಯ ಕಥೆ ಹೇಳಿ ಅವರನ್ನು ನಗಿಸಬಹುದು, ಉತ್ತರ ಮಾತ್ರ ಕೊಡಲಾಗದು. ನನಗೆ ನಾಚಿಕೆಯಾಗುತ್ತದೆ.

ಆದ್ದರಿಂದ ಅಧ್ಯಕ್ಷರನ್ನು ಈ ಕಡತದಿಂದ ದೂರ ಕೂರಿಸಿ, ಬಾಟಲಿಗಳನ್ನು ಕಳಿಸಲು ಬಿಡಿ. ಘೋಷಣಾ ಪತ್ರದಲ್ಲಿನ ನನ್ನ ಉತ್ತರವನ್ನೂ ತಿದ್ದಿಕೊಡುತ್ತೇನೆ, ಅತ್ತೆ ಮನೆಯಲ್ಲಿಲ್ಲದಾಗ. ಸದ್ಯಕ್ಕೆ ಅವರ ಆಮಂತ್ರಣ ತಲುಪಿಸುತ್ತಿದ್ದೇನೆ:

"ಆ ಅಧ್ಯಕ್ಷರನ್ನೂ ಊಟಕ್ಕ ಕರಿ. ಎಣ್ಣಿಗಾಯಿ ಭಾಳ ಖಾರ ಇರತೈತಿ, ನೀರು ಬೇಕಾಗತೈತಿ. ಶೀತಲನ ಮನಿಯಿಂದ ಒಂದು ಕೊಡ ತರಸಿಡ್ತೀನಿ."

ಇಂತಿ,
ತಮ್ಮ ಆದೇಶದಿಂದ ನಾದಿನಿಯನ್ನು ಪಡೆದ
ರಶ್ಮಿ, ಸಂಶೋಧಕಿ, ಕುಷಾಯಿಗೂಡ