ರಂಗೋಲಿಯೊಳಗೆ

ಮಾಲೂರು
೨೧-೨-೧೯೮೪

ಅಮ್ಮನಿಗೆ ಸುಗುಣಳ ನಮಸ್ಕಾರ. ನಾನು ಕ್ಷೇಮ ಎಂದು ಬರೆಯಲು ಕೋಪ ಬಿಡುತ್ತಿಲ್ಲ.

ಮುಳಬಾಗಿಲಿನಲ್ಲಿ ನೀನು ಮಾಡಿದ್ದಾದರೂ ಏನು? ಸ್ಟೇಜ್ ಮೇಲೆ ನಾನು ಕುಣಿಯುತ್ತಲೇ ನನ್ನ ಸುತ್ತ ರಂಗೋಲಿ ಎಳೆದು, ಬೇಕೆಂದೇ ಬಿಟ್ಟ ಸಂದಿನಿಂದ ಕೊನೆಗೆ ಆಚೆ ನಡೆದುಹೋಗಬೇಕಿತ್ತು. ಇಡೀ ನೃತ್ಯ ಇದ್ದದ್ದೇ ಆ ಹೆಜ್ಜೆಗಾಗಿ. ಹಾಸಿಗೆ ಹೊಲಿಯುವ ಪ್ಯಾರೇಜಾನ್ ಸಾಬರು ನನ್ನ ಹೆಜ್ಜೆಯ ತಾಳಕ್ಕೆ ಹತ್ತಿ ಹಿಂಜುವ ಬಿಲ್ಲನ್ನು ಮೀಟುತ್ತಿದ್ದರು, ಜನ ಕೆಮ್ಮದೆ ಕೂತಿದ್ದರು. ಅಷ್ಟರಲ್ಲಿ ನೀನು ಸೆರಗು ಸಿಕ್ಕಿಸಿಕೊಂಡು ಸ್ಟೇಜ್ ಹತ್ತಿ, "ರಂಗೋಲಿ ಅರ್ಧಕ್ಕೆ ಬಿಡಬಾರ್ದು ಕಣೇ" ಅಂತ ಹಿಟ್ಟು ಉದುರಿಸಿ ಸಂದು ಮುಚ್ಚಿಬಿಟ್ಟೆ! ಪಾಪ, ಸಾಬರು, "ಇನ್ನೂ ಎಷ್ಟೊತ್ತು ಬಾರಿಸ್ಲಿ ತಾಯೀ?" ಅಂದರು.

ಒಂದು ಗೆರೆ ದಾಟಲು ಏನು ಕಷ್ಟ ಎಂದು ಎಲ್ಲರೂ ಕೇಳುತ್ತಾರೆ. ರಂಗೋಲಿ ತುಳಿಯಲೂಬಾರದು, ದಾಟಲೂಬಾರದು ಎಂದು ಬೆನ್ನಿಗೆ ಗುದ್ದಿ ಕಲಿಸಿದವಳು ನೀನು. ಕಾಲು ಏಳಲಿಲ್ಲ. ಪರದೆ ಬೀಳುವವರೆಗೆ ಒಳಗೇ ನಿಂತಿದ್ದೆ.

ಭಾನುವಾರ ಇಲ್ಲಿ ಮತ್ತೆ ಇದೆ. ಬೆಳಗಿನ ಬಸ್ಸಿಗೇ ಬಾ, ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕೂರು. ಮುಚ್ಚದೆ ಇರಲಾರೆ ಎನಿಸಿದರೆ, ಮೊದಲು ಒಳಗೆ ಬಾ. ಆಮೇಲೆ ಮುಚ್ಚು.

ಇಂತಿ ನಿನ್ನ,
ಸುಗುಣ