ಪೆರೋ ಮಾಡದ ಕೊಲೆ

ಮಾರ್ಚ್ 9, ಬೆಳಿಗ್ಗೆ 7
ರಾತ್ರಿಯಿಂದ ಆರು ಕುರಿ ಈದವು. ಒಂದು ಮರಿ ಮೊಲೆ ಹಿಡಿಯಲಿಲ್ಲ, ಬಾಟಲಿಯಲ್ಲಿ ಕುಡಿಸಿದೆ. ಮೇವು ಹಾಕಲು ಮೇಲಿನ ಹೊಲಕ್ಕೆ ಹೋದರೆ ಪೆರೋ ಮುಂದೆ ಹೆಜ್ಜೆ ಇಡಲೊಲ್ಲ. ಯಾವ ಟಗರಿಗೂ ಹೆದರದ ನಾಯಿ ನನ್ನ ಕಾಲಿಗೆ ಅಂಟಿಕೊಂಡು ನಿಂತ. ಪಕ್ಕದ ಹೊಲದ ಇದ್ವಲ್‌ನ ಕಲ್ಲುಗೋಡೆಯ ಮೇಲೆ — ಕರಿ ಚಿರತೆ. ಬಾಯಲ್ಲಿ ಅವನ ಕುರಿಮರಿ. ಚಿರತೆಯೇ ಇಲ್ಲದ ಈ ವೇಲ್ಸಿನ ಗುಡ್ಡದಲ್ಲಿ. ನನ್ನನ್ನು ನೋಡಿತು. ಅವಸರವೇ ಇಲ್ಲದೆ ಆಚೆ ಇಳಿಯಿತು.

ಮಾರ್ಚ್ 10
ಕಾನ್‌ಸ್ಟೆಬಲ್ ಹಾಪ್ಕಿನ್ ಬಂದಿದ್ದ. ಚಹಾ ಕುಡಿದ, ಎರಡು ಕೇಕು ತಿಂದ, ನಕ್ಕ.
"ಕರೀ ಲ್ಯಾಬ್ರಡಾರ್ ಇರ್ಬೇಕು ಬಿಡಿ."
"ಲ್ಯಾಬ್ರಡಾರ್ ಬಾಲ ಒಂದು ಗಜ ಇರುತ್ತೇನಪ್ಪಾ?"
"ಕಣ್ಣು ಯಾವಾಗ ಚೆಕ್ ಮಾಡಿಸಿದ್ರಿ ನೀವು?"
ಅರ್ಧ ಮೈಲಿಯಾಚೆಯ ಕುಂಟು ಕುರಿಯನ್ನು ಗುರುತಿಸುವ ಕಣ್ಣು ಇದು. ಪುಸ್ತಕವನ್ನೇನೋ ತೆರೆದಿಟ್ಟುಕೊಂಡಿದ್ದ. ಪೆನ್ನು ಅಲುಗಿದ್ದನ್ನು ನಾನಂತೂ ನೋಡಲಿಲ್ಲ.

ಮಾರ್ಚ್ 14
ಇದ್ವಲ್‌ನ ಇನ್ನೆರಡು ಕುರಿ ಹೋದವು. ಗೇಟಿನಲ್ಲೇ ನಿಂತು ಕೂಗಾಡಿದ.
"ನಿನ್ನ ನಾಯಿನ ಕಟ್ಟಿಹಾಕು ಮೆರೆರಿಡ್. ಚಿರತೆ ಕಥೆ ನನ್ ಹತ್ರ ಬೇಡ."
"ಸತ್ತ ಕುರಿ ಗಂಟಲಲ್ಲಿ ನಾಲ್ಕೇ ತೂತು. ಎಲುಬು ನೆಕ್ಕಿ ತೊಳೆದ ಹಾಗಿದೆ. ನಾಯಿ ಆಗಿದ್ರೆ ಹಿಂಗಾಲು ಹರಿದಿರ್ತಿತ್ತು. ಹುಟ್ಟಿದಾಗಿಂದ ಕುರಿ ಸಾಕಿದೋನಿಗೆ ಇದನ್ನ ನಾನು ಹೇಳಿಕೊಡ್ಬೇಕಾ?"
"ಇನ್ನೊಂದ್ಸಲ ನನ್ನ ಹೊಲದಲ್ಲಿ ಕಂಡ್ರೆ ಗುಂಡು ಹೊಡೀತೀನಿ. ಕಾನೂನು ನನ್ನ ಕಡೆ ಇದೆ."
ಕಟ್ಟಿಹಾಕಿದೆ. ಹತ್ತು ವರ್ಷ ಹಗ್ಗ ಕಾಣದವನನ್ನು.

ಮಾರ್ಚ್ 19
ಹೊಡೆದ.
ಹಾಡಹಗಲೇ. ಪೆರೋ ಹಗ್ಗ ಕಡಿದುಕೊಂಡು ಹೋಗಿದ್ದ, ನನ್ನದೇ ಕುರಿಮರಿಯೊಂದು ಬೇಲಿ ನುಸುಳಿ ಇದ್ವಲ್‌ನ ಹೊಲ ಹೊಕ್ಕಿತ್ತು, ಅದನ್ನು ಹಿಂದಕ್ಕೆ ಅಟ್ಟಿಕೊಂಡು ಬರುತ್ತಿದ್ದ. ತನ್ನ ಕೆಲಸ ಮಾಡುತ್ತಿದ್ದ. ಅಷ್ಟೇ.

ಏಪ್ರಿಲ್ 2
ಇಷ್ಟು ದಿನ ಬರೆಯಲಾಗಲಿಲ್ಲ. ಇವತ್ತು ಇದ್ವಲ್ ಬಂದ. ಟೋಪಿ ಕೈಯಲ್ಲಿ.
"ನೋಡ್ದೆ. ಟ್ರ್ಯಾಕ್ಟರಿಂದ ಇಪ್ಪತ್ತೇ ಅಡಿ. ನೀನು ಹೇಳ್ದಂಗೇ ಇತ್ತು."
"ಶನಿವಾರ ಊರ ಸಭೆ ಇದೆ. ಅಲ್ಲಿ ಹೇಳು."
"ಅಲ್ಲಿ ಬೇಡ. ನಿನ್ನ ನೋಡಿ ನಗೋ ಹಾಗೆ ನನ್ನೂ ನೋಡಿ ನಗ್ತಾರೆ."
ಚಿರತೆ ಕಥೆ ಬೇಡ ಅಂದವನೂ ಇವನೇ. ಗುಂಡು ಹಾರಿಸುವಾಗ ಇಲ್ಲದ ಹೆದರಿಕೆ, ನಾಲ್ಕು ಜನ ನಕ್ಕಾರೆಂದರೆ ಬಂದುಬಿಟ್ಟಿತು. ಬಾಗಿಲು ಹಾಕಿಕೊಂಡೆ.

ಏಪ್ರಿಲ್ 5, ಸಂಜೆ
ಸಭೆಗೆ ಬರಲಾರ ಅಂದುಕೊಂಡಿದ್ದೆ. ಬಂದ. ಎದ್ದು ನಿಂತು ಹೇಳಿಯೂ ಬಿಟ್ಟ — ಚಿರತೆ ನೋಡಿದ್ದು, ನಾಯಿಯನ್ನು ಸುಮ್ಮಸುಮ್ಮನೆ ಕೊಂದದ್ದು, ಎರಡೂ.
"ಎಷ್ಟನೇ ಗ್ಲಾಸಿಗೆ ಕಾಣಿಸ್ತು, ಇದ್ವಲ್?" ಹಿಂದಿನಿಂದ ಯಾರೋ. ಸಭೆಗೆ ಸಭೆಯೇ ನಕ್ಕಿತು. ಅವನ ಕಿವಿ ಕೆಂಪಾಯಿತು. ನನ್ನ ಕಡೆ ನೋಡಿದ.
ಸುಮ್ಮನಿರಬಹುದಿತ್ತು. ಹಕ್ಕೂ ಇತ್ತು. ಎದ್ದೆ.
"ಅವನು ಹೇಳಿದ್ದು ನಿಜ. ನನ್ನ ನಾಯಿ ಕೊಂದವನ ಪರ ಮಾತಾಡೋಕೆ ನಂಗೇನೂ ಖುಷಿ ಇಲ್ಲ. ಈಗ ನಗಿ."
ಯಾರೂ ನಗಲಿಲ್ಲ.
ಹೊರಗೆ ಬೆನ್ನ ಹಿಂದೆಯೇ ಬಂದ ಇದ್ವಲ್. "ನಮ್ಮನೆ ನಾಯಿ ಮರಿ ಹಾಕಿದೆ. ಚೆನ್ನಾಗಿರೋದೊಂದು ತಗೊಂಡು ಹೋಗು."
ಮರಿಯಂತೆ. ಒಡೆದ ತಟ್ಟೆಗೆ ಬದಲಿ ತಟ್ಟೆ ಕೊಟ್ಟ ಹಾಗೆ. ಅವನಿಗೆ ಹೇಗೆ ಹೇಳುವುದು, ಬೆಳಿಗ್ಗೆ ಎದ್ದು ಈಗಲೂ ಪೆರೋಗೆ ಸಿಳ್ಳೆ ಹಾಕುತ್ತೇನೆ, ಆಮೇಲೆ ಅವನಿಲ್ಲ ಅನ್ನುವುದು ನೆನಪಾಗುತ್ತದೆ ಎಂದು.